ಟ್ರೂಡಸ್‌ನ ಹಸಿರು ಡೈಕ್‌ಗಳು: ಎಪಿಡೋಸೈಟ್ ಎಂದು ಗುರುತಿಸುವುದು ಹೇಗೆ?

ಪ್ರಶ್ನೆ: ಸೈಪ್ರಸ್‌ನ ಟ್ರೂಡಸ್ ಓಫಿಯೋಲೈಟ್‌ನ (ನೆಲದ ಮೇಲೆ ಬಂದ ಹಳೆಯ ಸಾಗರತಳದ ತುಣುಕು) ಡೈಕ್ (ಬಿರುಕಿಗೆ ಹೊಕ್ಕು ಗಟ್ಟಿಯಾದ ಶಿಲಾಪಾಕದ ಹಾಳೆ) ಮಾದರಿಗಳಿವೆ. ಕೆಲವು ಕಡು ಹಸಿರು, ಕೆಲವು ಪಿಸ್ತಾ ಹಸಿರು. ಪಿಸ್ತಾ ಬಣ್ಣದ್ದೆಲ್ಲ ಎಪಿಡೋಸೈಟೇ (ಬಿಸಿ ದ್ರವದಿಂದ ಪೂರ್ತಿ ಬದಲಾದ ಕಲ್ಲು)? ಬಿಸಿ ದ್ರವ ಎಷ್ಟು ತಾಮ್ರ ಒಯ್ದಿದೆ ಎಂದು ಲೆಕ್ಕ ಹಾಕುವುದು ಹೇಗೆ?

ಉತ್ತರ 1: ಬಣ್ಣ ನಂಬಬೇಡಿ, ತೆಳು ಛೇದ (ಸೂಕ್ಷ್ಮದರ್ಶಕದಡಿ ನೋಡುವ ಕಲ್ಲಿನ ತೆಳು ಬಿಲ್ಲೆ) ಮಾಡಿಸಿ. ಎಪಿಡೋಟ್, ಕ್ವಾರ್ಟ್ಜ್, ಸ್ವಲ್ಪ ಟೈಟನೈಟ್ ಎಂಬ ಖನಿಜಗಳು ಮಾತ್ರ ಉಳಿದು, ಡೈಕ್‌ನ ಮೂಲ ಹೆಣಿಗೆ ಅಳಿಸಿ ಕಾಳುಕಾಳಾಗಿದ್ದರೆ ಅದು ಎಪಿಡೋಸೈಟ್. ಆಲ್ಬೈಟ್, ಕ್ಲೋರೈಟ್ ಧಾರಾಳವಾಗಿದ್ದರೆ ಬದಲಾವಣೆ ಅರ್ಧಕ್ಕೇ ನಿಂತಿದೆ. ಕಾಯಿಸಿದಾಗಿನ ತೂಕನಷ್ಟವೂ ಸುಳಿವು ಕೊಡುತ್ತದೆ: ಕ್ಲೋರೈಟ್‌ನಲ್ಲಿ ಸುಮಾರು 12% ನೀರು, ಎಪಿಡೋಟ್‌ನಲ್ಲಿ ಸುಮಾರು 2%. 350–400 ಡಿಗ್ರಿ ಸೆಲ್ಸಿಯಸ್‌ನ, ಸಮುದ್ರದ ನೀರಿನಿಂದಾದ ದ್ರವ ಅಪಾರ ಪ್ರಮಾಣದಲ್ಲಿ ಹರಿದಾಗ ಕಲ್ಲಿಗೆ ಕ್ಯಾಲ್ಸಿಯಂ ಬಂದು ಸೇರುತ್ತದೆ; ಸೋಡಿಯಂ, ಮೆಗ್ನೀಸಿಯಂ, ತಾಮ್ರ, ಸತು ಹೊರಟುಹೋಗುತ್ತವೆ.

ಉತ್ತರ 2: ಪಿಪಿಎಂ (ಹತ್ತು ಲಕ್ಷದಲ್ಲಿ ಎಷ್ಟು ಭಾಗ) ಅಂಕಿಗಳನ್ನು ನೇರವಾಗಿ ಕಳೆಯಬೇಡಿ, ಕಲ್ಲಿನ ಒಟ್ಟು ರಾಶಿಯೇ ಬದಲಾಗಿರುತ್ತದೆ. ದ್ರವ ಹರಿದರೂ ಕದಲದ ಜಿರ್ಕೋನಿಯಂ ಆಧಾರವಾಗಿರಲಿ. ಉದಾಹರಣೆಗೆ ತಾಜಾ ಕಲ್ಲಿನಲ್ಲಿ ಜಿರ್ಕೋನಿಯಂ 50, ತಾಮ್ರ 80. ಬದಲಾದದ್ದರಲ್ಲಿ 40 ಮತ್ತು 4 ಎನ್ನಿ. 4×50/40 = 5, ಅಂದರೆ ಹೋದದ್ದು 75. ತಾಜಾ ಹೋಲಿಕೆಗೆ ದಿಂಬು ಲಾವಾದ (ನೀರಡಿ ದಿಂಬಿನಾಕಾರದಲ್ಲಿ ಗಟ್ಟಿಯಾದ ಲಾವಾ) ಗಾಜು ಒಳ್ಳೆಯದು. ಆದರೆ ಅದರ ಟೈಟಾನಿಯಂ-ಜಿರ್ಕೋನಿಯಂ ಅನುಪಾತ ಡೈಕ್‌ನದಕ್ಕೆ ಹೊಂದಲೇಬೇಕು. ಇಲ್ಲದಿದ್ದರೆ ಶಿಲಾಪಾಕದಲ್ಲೇ ಇದ್ದ ವ್ಯತ್ಯಾಸ ದ್ರವದ ಲೆಕ್ಕಕ್ಕೆ ಬೀಳುತ್ತದೆ.

ಉತ್ತರ 3: ಪುಡಿ ಮಾಡುವ ಮುನ್ನ ಕ್ವಾರ್ಟ್ಜ್ ಮತ್ತು ಸಲ್ಫೈಡ್ ಎಳೆಗಳನ್ನು ಗರಗಸದಿಂದ ಕತ್ತರಿಸಿ ತೆಗೆಯಿರಿ. ಆಮೇಲೆ ಬಂದ ಒಂದೇ ಸಲ್ಫೈಡ್ ಎಳೆ ಸಾಕು, ಹೋದ ತಾಮ್ರ ಮರಳಿದಂತೆ ಕಾಣುತ್ತದೆ. ಕೋಬಾಲ್ಟ್ ಕೂಡ ಅಳೆಯುವುದಿದ್ದರೆ ಟಂಗ್‌ಸ್ಟನ್ ಕಾರ್ಬೈಡ್ ಬೇಡ, ಅಗೇಟ್ ಬಟ್ಟಲಲ್ಲೇ ಅರೆಯಿರಿ.