ಹಾಸ್ಟೆಲಿನಲ್ಲಿ ರಾತ್ರಿ ಲೈಟ್ ಆಫ್ ಮಾಡಿಸಿದರೆ ಹುಡುಗರ ಮನಸ್ಸು ಸರಿಹೋಗುತ್ತದೆಯೇ?

ವಾರ್ಡನ್_ಹಾಸನ:
ರೂಮಿಗೆ ನಾಲ್ವರು. ರಾತ್ರಿ ಎರಡರ ತನಕ ಲೈಟು, ಬೆಳಗ್ಗೆ ತಿಂಡಿ ಬಿಟ್ಟು ಕ್ಲಾಸಿಗೆ ಓಟ, ಸಂಜೆ ನಾಲ್ಕರಿಂದ ಆರರವರೆಗೆ ನಿದ್ದೆ. ಫಸ್ಟ್ ಇಯರ್‌ನವರಲ್ಲಿ ಮಂಕು, ಸಿಡುಕು ಹೆಚ್ಚುತ್ತಿದೆ. ಹತ್ತೂವರೆಗೆ ಮೇನ್ ಸ್ವಿಚ್ ಆಫ್ ಮಾಡಿಸಿ ಅಂತ ಕಮಿಟಿಯವರು ಹೇಳುತ್ತಿದ್ದಾರೆ. ಉಪಯೋಗ ಇದೆಯಾ?

ನಿದ್ರಾಪಾಠ:
ಮೇನ್ ಸ್ವಿಚ್ ಮುಟ್ಟಬೇಡಿ ಸರ್. ಫ್ಯಾನ್ ನಿಂತು ಸೆಕೆ, ಸೊಳ್ಳೆ. ಕತ್ತಲಲ್ಲಿ ಮೊಬೈಲ್ ಹೇಗೂ ನಡೆಯುತ್ತದೆ. ಮಲಗುವ ಹೊತ್ತನ್ನು ಹೇರಲು ಆಗುವುದಿಲ್ಲ, ಏಳುವ ಹೊತ್ತನ್ನು ಗಟ್ಟಿ ಮಾಡಬಹುದು. ಭಾನುವಾರವೂ ಸೇರಿ ಏಳು ಗಂಟೆಗೆ ಎದ್ದು, ಅರ್ಧ ಗಂಟೆ ಹೊರಗಿನ ಬೆಳಕಿನಲ್ಲಿ ಇರಲಿ. ರಾತ್ರಿಯ ಎಚ್ಚರಕ್ಕೆ ಆ ಸಂಜೆಯ ಎರಡು ತಾಸಿನ ನಿದ್ದೆಯೇ ದೊಡ್ಡ ಕಾರಣ. ತೂಕಡಿಕೆ ತಡೆಯದಿದ್ದರೆ ಮಧ್ಯಾಹ್ನ ಮೂರರೊಳಗೆ 20 ನಿಮಿಷ, ಅಲಾರಂ ಇಟ್ಟು. ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು, ಹಾಗಾಗಿ ಆರರ ಕಾಫಿಯ ಅರ್ಧ ಹನ್ನೊಂದಕ್ಕೂ ಮೈಯಲ್ಲೇ ಇರುತ್ತದೆ. ಮೊದಲ ವಾರ ಹಗಲಲ್ಲಿ ಇನ್ನಷ್ಟು ತೂಕಡಿಸುತ್ತಾರೆ. ಅಲ್ಲಿಗೇ ಕೈಬಿಡುವವರು ಜಾಸ್ತಿ.

ಕಟ್ಟಡ_ಕಣ್ಣು:
ಒಬ್ಬನಿಗೆ ಇಂಟರ್ನಲ್ಸ್ ಇದ್ದರೆ ನಾಲ್ವರ ನಿದ್ದೆಯೂ ಹೋಗುತ್ತದೆ, ರೂಮಿಗೆ ಇರುವುದು ಒಂದೇ ಟ್ಯೂಬ್‌ಲೈಟ್. ಮಂಚಕ್ಕೊಂದು ಸಣ್ಣ ಹಳದಿ ಎಲ್‌ಇಡಿ ಕ್ಲಿಪ್ ಲ್ಯಾಂಪ್ ಕೊಡಿ, ರೀಡಿಂಗ್ ಹಾಲ್ ಒಂದರವರೆಗೆ ತೆರೆದಿಡಿ. ಹಾಸಿಗೆಯ ಮೇಲೆ ಓದಿದರೆ ಹಾಸಿಗೆ ಕಂಡಾಗ ನಿದ್ದೆಯ ಬದಲು ಪರೀಕ್ಷೆ ನೆನಪಾಗುತ್ತದೆ. ಮೆಸ್ ತಿಂಡಿ ಅರ್ಧ ಗಂಟೆ ಹೆಚ್ಚಿಗೆ ಇರಲಿ. ಇನ್ನೊಂದು, ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ್ದು: ಮನೆಗೆ ಫೋನ್ ಮಾಡಿ ಅಳಬೇಕೆಂದರೂ ಜಾಗ ಇರುವುದಿಲ್ಲ. ಬಾಗಿಲಿರುವ ಒಂದು ಸಣ್ಣ ಕೋಣೆ, ಎರಡು ಕುರ್ಚಿ ಸಾಕು.

ಆಪ್ತಸಲಹೆ:
ಇದೆಲ್ಲ ಸರಿ, ಆದರೆ ಖಿನ್ನತೆ ಇರುವವನಿಗೆ ‘ಬೇಗ ಏಳು, ಸರಿಹೋಗ್ತೀಯ’ ಅಂದರೆ ಅವನು ತನ್ನನ್ನೇ ಬೈದುಕೊಳ್ಳುತ್ತಾನೆ. ಎರಡು ವಾರ ದಾಟಿಯೂ ಯಾವುದರಲ್ಲೂ ಆಸಕ್ತಿ ಇಲ್ಲ, ಊಟ ಸೇರುತ್ತಿಲ್ಲ ಎಂದಾದರೆ ಪಿಎಚ್‌ಕ್ಯೂ-9 (ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಹಾಳೆ) ತುಂಬಿಸಿ, ಕನ್ನಡದಲ್ಲೂ ಇದೆ. 27ರಲ್ಲಿ 10 ಅಥವಾ ಹೆಚ್ಚು ಬಂದರೆ ವೈದ್ಯರ ಹತ್ತಿರ ಕಳಿಸಿ. ಅವರು ಹಿಮೋಗ್ಲೋಬಿನ್, ಬಿ12, ಥೈರಾಯ್ಡ್ ಸಹ ನೋಡಿಸಬಹುದು. ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯದು. ಅಲ್ಲಿ ಸೊನ್ನೆ ಬಿಟ್ಟು ಬೇರೇನು ಬಂದರೂ, ಒಟ್ಟು ಅಂಕ ಎಷ್ಟೇ ಇರಲಿ, ಅವತ್ತೇ ಕೂತು ಮಾತಾಡಿ, ಒಬ್ಬನನ್ನೇ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ಹಗಲೂ ರಾತ್ರಿ, ಕನ್ನಡದಲ್ಲಿ. ತುಂಬಿದ ಹಾಳೆ ಆಫೀಸ್ ಫೈಲಿಗೆ ಹೋಗಕೂಡದು, ಹೋದರೆ ಮುಂದಿನವನು ಎಲ್ಲಕ್ಕೂ ಸೊನ್ನೆ ಬರೆಯುತ್ತಾನೆ.

ವಾರ್ಡನ್_ಹಾಸನ:
ಈಗ ಒಂಬತ್ತಕ್ಕೆ ಏಳುವವರನ್ನು ಏಕಾಏಕಿ ಏಳಕ್ಕೆ ಎಬ್ಬಿಸುವುದಾ?

ನಿದ್ರಾಪಾಠ:
ಬೇಡ. ಎರಡು ದಿನಕ್ಕೊಮ್ಮೆ 15 ನಿಮಿಷ ಹಿಂದಕ್ಕೆ ತನ್ನಿ. ಪರೀಕ್ಷೆಯ ವಾರದಲ್ಲಿ ಶುರು ಮಾಡಬೇಡಿ.