ಓಡ್ತಾ ಓಡ್ತಾ ಶಟ್‌ಡೌನ್ ಸರ್ಕ್ಯೂಟ್ ಓಪನ್ ಆಗ್ತಿದೆ, ಡ್ಯಾಶ್‌ನಲ್ಲಿ ಒಂದು ಲೈಟೂ ಬರಲ್ಲ

ಇವಿ_ಹೊಸಬ:
ಎಲ್ರಿಗೂ ನಮಸ್ಕಾರ. ನಮ್ದು ಫಾರ್ಮುಲಾ ಭಾರತ್ (ಕಾಲೇಜ್ ಟೀಮ್‌ಗಳ ರೇಸ್‌ಕಾರ್ ಸ್ಪರ್ಧೆ) ಇವಿ ಕ್ಲಾಸ್‌ಗೆ ಮೊದಲನೇ ಸಲ ಗಾಡಿ ಕಟ್ತಿರೋ ಟೀಮು, ನಾನು ಇಇಇ ಮೂರನೇ ವರ್ಷ, ಎಲೆಕ್ಟ್ರಿಕಲ್ ನೋಡ್ಕೋತಿದೀನಿ. ಪ್ಯಾಕ್‌ನಲ್ಲಿ 96 ಸೆಲ್ ಸೀರೀಸ್, 24ರ ಹಾಗೆ ನಾಲ್ಕು ಸೆಗ್ಮೆಂಟು, ಫುಲ್ ಚಾರ್ಜ್‌ನಲ್ಲಿ 403 ವೋಲ್ಟ್. ಶಟ್‌ಡೌನ್ ಲೈನು (ಸೇಫ್ಟಿ ಸ್ವಿಚ್‌ಗಳೆಲ್ಲ ಚೈನ್ ಥರ ಸಾಲಾಗಿರೋ ಸರ್ಕ್ಯೂಟು, ಎಲ್ಲಿ ಓಪನ್ ಆದ್ರೂ ಹೈ ವೋಲ್ಟೇಜ್ ಕಟ್) 12 ವೋಲ್ಟ್.

ಪ್ರಾಬ್ಲಂ ಏನಂದ್ರೆ ಸ್ಟ್ಯಾಂಡ್ ಮೇಲೆ ಚಕ್ರ ಎತ್ತಿ ಓಡಿಸಿದ್ರೆ ಅರ್ಧ ಗಂಟೆ ಆದ್ರೂ ಏನೂ ಆಗಲ್ಲ, ನೆಲಕ್ಕೆ ಇಳಿಸಿ ಕಾಲೇಜ್ ಪಾರ್ಕಿಂಗ್‌ನಲ್ಲಿ ಓಡಿಸಿದ್ರೆ ಇದ್ದಕ್ಕಿದ್ದ ಹಾಗೆ ಟಾರ್ಕ್ ಹೋಗತ್ತೆ, ಟಿಎಸ್‌ಎಎಲ್ (ಹೈ ವೋಲ್ಟೇಜ್ ಆನ್ ಇದ್ಯಾ ಅಂತ ತೋರ್ಸೋ ಲೈಟು) ಕೆಂಪು ಮಿನುಗೋದು ನಿಂತು ಸ್ವಲ್ಪ ಹೊತ್ತಿಗೆ ಹಸಿರಾಗತ್ತೆ. ಬ್ರೇಕ್ ಒತ್ತಿರಲ್ಲ. ಐಎಂಡಿ (ಇನ್ಸುಲೇಶನ್ ನೋಡೋ ಡಿವೈಸು) ಲೈಟೂ ಬರಲ್ಲ, ಎಎಂಎಸ್ (ಬ್ಯಾಟರಿ ಸೆಲ್‌ಗಳನ್ನ ನೋಡ್ಕೊಳೋದು) ಲೈಟೂ ಬರಲ್ಲ. ಡ್ರೈವರ್ ಕೂತಲ್ಲೇ ಬಟನ್ ಒತ್ತಿದ್ರೆ ಮತ್ತೆ ಪ್ರೀಚಾರ್ಜ್ ಆಗಿ (ಹೈ ವೋಲ್ಟೇಜ್ ನಿಧಾನಕ್ಕೆ ಏರಿ) ಓಡತ್ತೆ. ಟೀಮಲ್ಲಿ ಕೆಲವ್ರು ಇನ್ವರ್ಟರ್ (ಮೋಟರ್ ಓಡಿಸೋ ಯೂನಿಟ್) ಫಾಲ್ಟ್ ಅಂತಾರೆ, ಕೆಲವ್ರು ಕ್ಯಾನ್ (ಕಂಟ್ರೋಲರ್‌ಗಳ ನಡುವಿನ ಡೇಟಾ ಲೈನು) ಅಂತಾರೆ, ಇನ್ನೊಬ್ರು ಟೆಸ್ಟಿಂಗ್‌ಗೆ ಮಾತ್ರ ಐಎಂಡಿ ಬೈಪಾಸ್ ಮಾಡಿ ನೋಡೋಣ ಅಂತಿದಾರೆ. ಎಲ್ಲಿಂದ ಶುರು ಮಾಡ್ಲಿ?

ಧಾರವಾಡ_ವೈರಿಂಗ್:
ಮೊದ್ಲ ಆ ಬೈಪಾಸ್ ಮಾತು ಬಿಟ್ಟುಬಿಡ್ರಿ ತಮ್ಮಾ. ಐಎಂಡಿ ನೋಡೂದು ಹೈ ವೋಲ್ಟೇಜಿಗೂ ಚಾಸಿಗೂ ನಡುವಿನ ಇನ್ಸುಲೇಶನ್. ಒಂದು ಕಡೆ ವೈರ್ ಚಾಸಿಗೆ ತಾಗಿದ್ರ ಗಾಡಿ ಹಂಗ ಓಡತೈತಿ, ಯಾರಿಗೂ ಗೊತ್ತಾಗಂಗಿಲ್ಲ, ಎರಡನೇ ಕಡೆ ಕೈ ಇಟ್ಟಾಂವ 400 ವೋಲ್ಟ್ ನಡುವ ನಿಂತಂಗ. ರೂಲ್‌ನಾಗ ವೋಲ್ಟಿಗೆ 500 ಓಮ್ ಅಂತ ಯಾಕ ಕೇಳ್ತಾರ ಅಂದ್ರ ಅಷ್ಟು ಇದ್ರ ಸೋರೂ ಕರೆಂಟ್ 2 ಮಿಲಿಆಂಪಿಯರ್ ದಾಟಂಗಿಲ್ಲ, ನಿಮ್ಮ ಪ್ಯಾಕಿಗೆ ಅದು ಸುಮಾರು 200 ಕಿಲೋ ಓಮ್ ಆತು. ಪಾರ್ಕಿಂಗ್‌ನಾಗ ಗಾಡಿ ತಳ್ಳಾವ್ರು ಜೂನಿಯರ್ ಹುಡುಗ್ರ ಇರ್ತಾರ ನೋಡ್ರಿ, ಟೆಸ್ಟಿಂಗ್‌ಗೆ ಮಾತ್ರ ಅನ್ನೂದು ಎಂದೂ ಬ್ಯಾಡ. ಮತ್ತ ನೀವು ಹೇಳೂ ಲಕ್ಷಣ ನೋಡಿದ್ರ ಐಎಂಡಿ ಅಲ್ಲವೇ ಅಲ್ಲ.

ಹಳೇ_ಸೀನಿಯರ್:
ಅವ್ರು ಹೇಳಿದ್ದು ಸರಿ, ಯಾಕೆ ಅಂತ ಬಿಡಿಸಿ ಹೇಳ್ತೀನಿ. ನಿಮಗೆ ಸಿಕ್ಕಿರೋ ಅತಿ ದೊಡ್ಡ ಸುಳಿವು ಅಂದ್ರೆ ಡ್ರೈವರ್ ಕೂತಲ್ಲಿಂದಲೇ ವಾಪಸ್ ಸ್ಟಾರ್ಟ್ ಆಗ್ತಿರೋದು, ಅದೊಂದ್ರಿಂದ್ಲೇ ಅರ್ಧ ಚೈನ್ ಕ್ಲಿಯರ್ ಆಗ್ಬಿಡತ್ತೆ. ಐಎಂಡಿ, ಎಎಂಎಸ್ ಯಾವ್ದು ಟ್ರಿಪ್ ಆದ್ರೂ ಲ್ಯಾಚ್ ಆಗ್ಬೇಕು (ತಾನಾಗೇ ವಾಪಸ್ ಬರ್ಬಾರ್ದು), ಡ್ರೈವರ್ ಅಲ್ಲದೆ ಹೊರಗಿನೋರು ಬಂದು ರೀಸೆಟ್ ಮಾಡ್ಬೇಕು. ಇನರ್ಷಿಯಾ ಸ್ವಿಚ್ (ಡಿಕ್ಕಿ ಆದ್ರೆ ಕಟ್ ಮಾಡೋದು) ಬಿದ್ರೆ ಕೈಯಲ್ಲಿ ಒತ್ತೋ ತನಕ ಹಾಗೇ ಇರತ್ತೆ. ಬ್ರೇಕ್ ಓವರ್‌ಟ್ರಾವೆಲ್ ಸ್ವಿಚ್ಚೂ (ಪೆಡಲ್ ಮಿತಿ ಮೀರಿ ಕೆಳಗೆ ಹೋದ್ರೆ ಕಟ್ ಮಾಡೋದು) ಅಷ್ಟೇ. ಬಿಎಸ್‌ಪಿಡಿ ಅನ್ನೋ ಬ್ರೇಕ್ ಸೇಫ್ಟಿ ಸರ್ಕ್ಯೂಟ್ ಟ್ರಿಪ್ ಆಗೋಕೆ ಜೋರು ಬ್ರೇಕ್ ಮತ್ತೆ 5 ಕಿಲೋವ್ಯಾಟ್ ಪವರ್ ಎರಡೂ ಒಟ್ಟಿಗೆ ಬೇಕು, ನೀವು ಬ್ರೇಕೇ ಒತ್ತಿಲ್ಲ ಅಂತೀರ (ಅದರ ಸೆನ್ಸರ್ ವೈರ್ ಬಿಟ್ಕೊಂಡ್ರೂ ಟ್ರಿಪ್ ಆಗತ್ತೆ, ಅದೊಂದು ನೋಡ್ಕೊಳಿ). ಇನ್ವರ್ಟರ್ ಫಾಲ್ಟೋ ಕ್ಯಾನ್ ಸಮಸ್ಯೆನೋ ಆಗಿದ್ರೆ ಟಾರ್ಕ್ ಹೋಗತ್ತೆ ಆದ್ರೆ ಕಾಂಟ್ಯಾಕ್ಟರ್ ಬೀಳ್ಬೇಕಿಲ್ಲ, ಟಿಎಸ್‌ಎಎಲ್ ಕೆಂಪಲ್ಲೇ ಇರತ್ತೆ. ನಿಮ್ದು ಹಸಿರಾಗ್ತಿದೆ ಅಂದ್ರೆ ಎಐಆರ್ (ಪ್ಯಾಕಿನ ಆ ಕಾಂಟ್ಯಾಕ್ಟರ್, ಅಂದ್ರೆ ದೊಡ್ಡ ರಿಲೇ) ನಿಜವಾಗ್ಲೂ ತೆರ್ಕೊಂಡಿದೆ, ವೋಲ್ಟೇಜೂ 60ಕ್ಕಿಂತ ಕೆಳಗೆ ಇಳ್ದಿದೆ.

ಹಾಗಾದ್ರೆ ಉಳಿದಿದ್ದು ಇಂಟರ್‌ಲಾಕ್‌ಗಳು (ಹೈ ವೋಲ್ಟೇಜ್ ಕನೆಕ್ಟರ್ ಬಿಚ್ಚಿದ್ರೆ ಚೈನ್ ಕಟ್ ಮಾಡೋ ಸಣ್ಣ ಪಿನ್‌ಗಳು), ಕೆಂಪು ಬಟನ್‌ಗಳ ಕಾಂಟ್ಯಾಕ್ಟು, ಮಾಸ್ಟರ್ ಸ್ವಿಚ್‌ಗಳು, ಇಲ್ಲಾಂದ್ರೆ 12 ವೋಲ್ಟೇ ಬೀಳ್ತಿರೋದು. ಕೊನೇದನ್ನ ಮರೀಬೇಡಿ, ಎಐಆರ್ ಕಾಯ್ಲ್ ಕರೆಂಟ್ ಪೂರ್ತಿ ಇದೇ ಚೈನಲ್ಲಿ ಹರೀಬೇಕು ಅನ್ನೋದು ರೂಲು, ಸಣ್ಣ ಗೇಜ್ ವೈರ್ ಹಾಕಿ ಹತ್ತು ಹನ್ನೆರಡು ಕಾಂಟ್ಯಾಕ್ಟ್ ದಾಟೋಷ್ಟ್ರಲ್ಲಿ ವೋಲ್ಟೇಜ್ ಕರಗಿರತ್ತೆ, ಪಂಪು ಫ್ಯಾನು ಆನ್ ಆದಾಗ ಇನ್ನೂ ಕುಸಿಯತ್ತೆ.

ಕಂಡುಹಿಡಿಯೋಕೆ ಪ್ರತಿ ಸ್ವಿಚ್ ಆದ್ಮೇಲೆ ಒಂದೊಂದು ಟ್ಯಾಪ್ ತೆಗೀರಿ, ಆಪ್ಟೋಕಪ್ಲರ್ (ಬೆಳಕಿನ ಮೂಲಕ ಸಿಗ್ನಲ್ ದಾಟಿಸೋ ಚಿಪ್ಪು) ಮೂಲಕ ಕಂಟ್ರೋಲರ್‌ಗೆ ಕೊಡಿ. ಒಂದು ಕಡೆ ಓಪನ್ ಆದ್ರೆ ಅದರ ಮುಂದಿನೋವೆಲ್ಲ ಒಟ್ಟಿಗೇ ಸೊನ್ನೆ ಆಗತ್ತೆ, ಹಾಗಾಗಿ ಬ್ಯಾಟರಿ ಕಡೆಯಿಂದ ನೋಡ್ತಾ ಬಂದು ಮೊದಲು ಸೊನ್ನೆ ಆಗಿರೋದು ಯಾವ್ದು ಅಂತ ನೋಡ್ಬೇಕು. ಮುಖ್ಯವಾದ ವಿಷ್ಯ, 100 ಮಿಲಿಸೆಕೆಂಡಿಗೊಂದ್ಸಲ ಓದೋ ಲೂಪಲ್ಲಿ ಇದನ್ನ ಹಿಡಿಯೋಕಾಗಲ್ಲ. ಕಾಂಟ್ಯಾಕ್ಟ್ ಕೆಲವೇ ಮಿಲಿಸೆಕೆಂಡ್ ಬಿಟ್ಟು ಮತ್ತೆ ಕೂಡಿರತ್ತೆ, ಎಐಆರ್ ಮಾತ್ರ ಬಿದ್ದಿರತ್ತೆ, ನಿಮ್ಮ ಲಾಗಲ್ಲಿ ಎಲ್ಲಾ ಓಕೆ ಅಂತ ಕಾಣ್ಸತ್ತೆ. ಇಂಟರಪ್ಟ್ (ಸಿಗ್ನಲ್ ಬದಲಾದ ಕ್ಷಣವೇ ಕಂಟ್ರೋಲರ್ ಗಮನಿಸೋ ಹಾಗೆ) ಹಾಕಿ ಅಲ್ಲೇ ಫ್ಲ್ಯಾಗ್ ಹಿಡಿದಿಡಿ.

ಇವಿ_ಹೊಸಬ:
ಅಣ್ಣಾ ತುಂಬಾ ಥ್ಯಾಂಕ್ಸ್, ಲ್ಯಾಚ್ ಕಡೆಯಿಂದ ಹೀಗೆ ಯೋಚ್ನೆನೇ ಮಾಡಿರ್ಲಿಲ್ಲ ಯಾರೂ. ಇಂಟರಪ್ಟ್ ಹಾಕಿ ಇವತ್ತು ಓಡಿಸಿದ್ವಿ, ಟ್ರಿಪ್ ಆದಾಗೆಲ್ಲ ಎಚ್‌ವಿಡಿ (ಹೈ ವೋಲ್ಟೇಜ್ ಬಿಡಿಸೋಕೆ ಕೈಯಲ್ಲಿ ಎಳೆಯೋ ಪ್ಲಗ್) ಆದ್ಮೇಲಿನ ಟ್ಯಾಪೇ ಮೊದಲು ಸೊನ್ನೆ, 12 ವೋಲ್ಟ್ ಗಟ್ಟಿಯಾಗೇ ಇದೆ. ಆದ್ರೆ ಎಚ್‌ವಿಡಿ ಪ್ಲಗ್ ಟೈಟಾಗಿ ಕೂತಿರೋ ಹಾಗೇ ಕಾಣತ್ತೆ, ಮೀಟರ್ ಬೀಪ್ ಕೂಡ ನಿಲ್ಲಲ್ಲ.

ಮ್ಯೂನಿಕ್‌ನಿಂದ:
ನಾನು ಇಲ್ಲಿ ಮಾಸ್ಟರ್ಸ್ ಮಾಡ್ತಾ ಟೀಮ್‌ನ ಹಾರ್ನೆಸ್ (ವೈರಿಂಗ್) ಕೆಲಸ ನೋಡ್ತೀನಿ. ಎಚ್‌ವಿಡಿಯ ಇಂಟರ್‌ಲಾಕ್ ಪಿನ್ನು ಪವರ್ ಪಿನ್‌ಗಿಂತ ಬೇಕಂತಲೇ ಗಿಡ್ಡ ಇರತ್ತೆ, ಪ್ಲಗ್ ಎಳೆದಾಗ ಅದು ಮೊದಲು ಬಿಟ್ಟು ಎಐಆರ್ ಬೀಳಿಸ್ಬೇಕು, ಆಮೇಲೆ ದೊಡ್ಡ ಪಿನ್ ಬಿಡ್ಬೇಕು, ಇಲ್ದಿದ್ರೆ ಆರ್ಕ್ ಆಗತ್ತೆ. ಹಾಗಾಗಿ ಪ್ಲಗ್ ಎರಡು ಮಿಲಿಮೀಟರ್ ಕಮ್ಮಿ ಕೂತ್ರೂ ಹೈ ವೋಲ್ಟೇಜ್ ಹರೀತಾನೇ ಇರತ್ತೆ, ಇಂಟರ್‌ಲಾಕ್ ಮಾತ್ರ ತುದೀಲಿ ತಾಗಿ ನಿಂತಿರತ್ತೆ, ನೆಲದ ಉಬ್ಬು ತಗ್ಗಿಗೆ ಬಿಡತ್ತೆ. ಸ್ಟ್ಯಾಂಡ್ ಮೇಲೆ ಯಾಕೆ ಆಗ್ಲಿಲ್ಲ ಅಂತ ಇದ್ರಿಂದ್ಲೇ ಗೊತ್ತಾಗತ್ತೆ.

ಮೀಟರ್ ಬೀಪ್ ನಂಬ್ಬೇಡಿ, ಅದು ನಿಧಾನ. ಪ್ಯಾಕನ್ನ ಗಾಡಿಯಿಂದ ಹೊರಗೆ ತೆಗೆದು, ಆ ಇಂಟರ್‌ಲಾಕ್ ಲೂಪಿನ ಎರಡೂ ತುದಿ ಬಿಚ್ಚಿ, ಬೆಂಚ್ ಸಪ್ಲೈಯಿಂದ 12 ವೋಲ್ಟು ರೆಸಿಸ್ಟರ್ ಹಾಕಿ ಕೊಡಿ, ಆಸಿಲೋಸ್ಕೋಪನ್ನ ಸಿಂಗಲ್ ಟ್ರಿಗರಲ್ಲಿಟ್ಟು (ಒಂದ್ಸಲ ಬಿಟ್ರೂ ಹಿಡಿದಿಡೋ ಹಾಗೆ) ಪ್ಲಗ್ಗೂ ವೈರೂ ಅಲ್ಲಾಡಿಸಿ. ವೈರ್ ಎಳೆದಾಗ ಬಿಟ್ರೆ ಕ್ರಿಂಪು (ವೈರ್‌ಗೆ ಟರ್ಮಿನಲ್ ಒತ್ತಿ ಕೂರಿಸಿರೋ ಜಾಗ) ಇಲ್ಲಾ ಟರ್ಮಿನಲ್ ಹಿಂದೆ ಸರಿದಿರೋದು, ಪ್ಲಗ್ ಅಲ್ಲಾಡಿಸಿದಾಗ ಬಿಟ್ರೆ ಕೂತಿರೋ ಆಳ.

ಇವಿ_ಹೊಸಬ:
ಎಳೆದಾಗ ಬಿಡ್ತಿದೆ! ವೈರ್ ಕನೆಕ್ಟರ್ ಹತ್ರ ಬಿಗಿಯಾಗಿ ತಿರುಗಿದೆ, ಒಂದು ಟರ್ಮಿನಲ್ ಹಿಂದಕ್ಕೆ ಬಂದಿದೆ. ಒಳಗೆ ತಳ್ಳಿ ಗ್ಲೂ ಹಾಕಿದ್ರೆ ಸಾಕಾ?

ಹಳೇ_ಸೀನಿಯರ್:
ಗ್ಲೂ ಬೇಡ. ಟರ್ಮಿನಲ್ ತೆಗೆದು ಹೊಸದು ಸರಿಯಾದ ಟೂಲಲ್ಲಿ ಕ್ರಿಂಪ್ ಮಾಡಿ, ಲಾಕ್ ಕ್ಲಿಕ್ ಆಗಿದ್ಯಾ ಅಂತ ಎಳೆದು ನೋಡಿ. ವೈರ್‌ಗೆ ಒಂದಿಷ್ಟು ಉದ್ದ ಜಾಸ್ತಿ ಬಿಟ್ಟು ಚಾಸಿಗೆ ಕ್ಲಿಪ್ ಹಾಕಿ, ಗಾಡಿ ಅದುರೋದು ಆ ಕ್ಲಿಪ್ಪಿಗೆ ಹೋಗ್ಬೇಕು, ಪಿನ್ನಿಗಲ್ಲ. ಬೇರೆ ಇಂಟರ್‌ಲಾಕ್ ಕನೆಕ್ಟರೂ ಅದೇ ಕೈಲಿ ಮಾಡಿರೋದಾದ್ರೆ ಎಲ್ಲಾನೂ ಎಳೆದು ನೋಡ್ಬಿಡಿ, ಸ್ಪರ್ಧೆಗೆ ಕೊಯಮತ್ತೂರಲ್ಲಿ 22 ಕಿಲೋಮೀಟರ್ ಎಂಡ್ಯೂರೆನ್ಸ್ ಓಡೋವಾಗ ಇನ್ನೊಂದು ಬಿಟ್ರೆ ಕಷ್ಟ.

ಮ್ಯೂನಿಕ್‌ನಿಂದ:
ಕನೆಕ್ಟರ್ ಬಿಚ್ಚಿದ್ಮೇಲೆ ಹಿಂದಿನ ರಬ್ಬರ್ ಸೀಲ್ ವಾಪಸ್ ಹಾಕೋದು ಮರೀಬೇಡಿ. ರೇನ್ ಟೆಸ್ಟಲ್ಲಿ 120 ಸೆಕೆಂಡ್ ನೀರು ಹೊಡೀತಾರೆ, ನಿಲ್ಲಿಸಿದ್ಮೇಲೂ 120 ಸೆಕೆಂಡ್ ಕಾಯ್ತಾರೆ, ಅಷ್ಟೂ ಹೊತ್ತು ಐಎಂಡಿ ಟ್ರಿಪ್ ಆಗ್ಬಾರ್ದು.