ಲೀ-ಎನ್‌ಫೀಲ್ಡ್ ಮಾರ್ಕ್ 3: ಬಟ್ಟಿನ ಬೋಲ್ಟ್ ಬಿಗಿ ಮಾಡುವಾಗ ಮುಂಭಾಗದ ಮರ ಸೀಳಿದೆ, ಉಳಿಸಿಕೊಳ್ಳಬಹುದೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಮುತ್ತಜ್ಜ ಮೊದಲ ಮಹಾಯುದ್ಧದಲ್ಲಿ ಹೆಗಲ ಮೇಲೆ ಹೊತ್ತು ನಡೆದದ್ದು ಲೀ-ಎನ್‌ಫೀಲ್ಡ್ ರೈಫಲ್. ಆ ನೆನಪಿಗಾಗಿ ಅಜ್ಜ ಮುಂದೆ ಅದೇ ಮಾದರಿಯ ಒಂದು ಹಳೆಯ ರೈಫಲನ್ನು ಕೊಂಡಿದ್ದರು. ಬಟ್ಟನ್ನು, ಅಂದರೆ ಹೆಗಲಿಗೆ ಆನಿಸುವ ಹಿಂಭಾಗದ ಮರವನ್ನು, ಹಿಡಿದಿರುವ ಲೋಹದ ಸಾಕೆಟ್ಟಿನ ಬಲಬದಿಯಲ್ಲಿ ಕಿರೀಟದ ಮುದ್ರೆಯೂ ಅದರ ಕೆಳಗೆ 1917 ಎಂಬ ಇಸವಿಯೂ ಸ್ಪಷ್ಟವಾಗಿ ಕಾಣುತ್ತವೆ. ಆದರೆ ಅಜ್ಜನ ಕೈಗೆ ಬರುವ ಮೊದಲೇ ಯಾರೋ ಬೇಟೆಗೆ ಹಗುರವಾಗಲೆಂದು ಮುಂಭಾಗದ ಮರವನ್ನು ಅರ್ಧಕ್ಕೆ ಕತ್ತರಿಸಿ, ಮೂತಿಯ ಲೋಹದ ಟೋಪಿಯನ್ನೂ ಮೇಲಿನ ಕೈಗಾಪುಗಳನ್ನೂ ತೆಗೆದುಹಾಕಿದ್ದರು. ನಳಿಕೆಯನ್ನು ಮಾತ್ರ ಕತ್ತರಿಸಿಲ್ಲ, ಅಳೆದಾಗ 25.2 ಅಂಗುಲವಿದೆ. ರೈಫಲಿಗೆ ಪರವಾನಗಿ ಇದೆ, ಗುಂಡು ಹಾರಿಸುವ ಉದ್ದೇಶವಿಲ್ಲ. ಅದನ್ನು ಮುತ್ತಜ್ಜ ಕಂಡ ರೂಪಕ್ಕೆ ತಂದು ಮಕ್ಕಳಿಗೆ ಒಪ್ಪಿಸಬೇಕೆಂಬುದಷ್ಟೇ ಆಸೆ.

ಎರಡು ವರ್ಷಗಳಿಂದ ಬಿಡಿಭಾಗಗಳನ್ನು ಒಂದೊಂದಾಗಿ ಕೂಡಿಸಿ, ಕಳೆದ ವಾರ ಹಳೆಯ ಅಕ್ರೋಟ್ ಮರದ ಫೋರ್‌ಎಂಡನ್ನು, ಅಂದರೆ ನಳಿಕೆಯ ಕೆಳಗಿನ ಮುಂಭಾಗದ ಮರವನ್ನು, ಕೂರಿಸಿದೆ. ಬಟ್ಟು ಸ್ವಲ್ಪ ಅಲುಗಾಡುತ್ತಿತ್ತು. ಹಿಂಬದಿಯ ಹಿತ್ತಾಳೆ ತಟ್ಟೆಯ ಮುಚ್ಚಳ ತೆರೆದು, ಒಳಗಿನ ಚರ್ಮದ ಬಿಲ್ಲೆಯನ್ನು ತೆಗೆದು, ಉದ್ದನೆಯ ಸ್ಕ್ರೂಡ್ರೈವರಿನಿಂದ ಬಟ್ಟನ್ನು ಸಾಕೆಟ್ಟಿಗೆ ಬಿಗಿಯುವ ಬೋಲ್ಟನ್ನು ಕಾಲು ಸುತ್ತು ತಿರುಗಿಸಿದೆ. ಮೊದಲು ಗಟ್ಟಿಯಾಗಿತ್ತು, ಬಳಿಕ ಒಣಕಟ್ಟಿಗೆ ಮುರಿದಂತಹ ಸದ್ದಾಯಿತು. ಫೋರ್‌ಎಂಡಿನ ಹಿಂತುದಿಯಿಂದ ಸುಮಾರು ನಾಲ್ಕು ಬೆರಳುದ್ದ ಸೀಳು ಬಿಟ್ಟಿದೆ. ನಾನು ಬಟ್ಟಿನ ಬೋಲ್ಟನ್ನು ತಿರುಗಿಸಿದರೆ ಮುಂಭಾಗದ ಮರ ಏಕೆ ಸೀಳಿತು? ಇನ್ನೊಂದು ವಿಷಯ: ನಳಿಕೆಯ ಹಿಂಬಾಯಿಯನ್ನು ಮುಚ್ಚುವ ಇನ್ನೊಂದು ಬೋಲ್ಟಿನ ಹಿಡಿಯ ಮೇಲಿರುವ ಸಂಖ್ಯೆಗೂ ಅದು ಜಾರುವ ಲೋಹದ ಒಡಲಾದ ರಿಸೀವರಿನ ಸಂಖ್ಯೆಗೂ ಹೊಂದಾಣಿಕೆ ಇಲ್ಲ. ಇದು ಚಿಂತಿಸಬೇಕಾದ ಸಂಗತಿಯೇ?

ಮೊದಲ ಉತ್ತರ

ಮಾನ್ಯರೇ, ದಯವಿಟ್ಟು ಸ್ಕ್ರೂಡ್ರೈವರನ್ನು ಕೆಳಗಿಡಿ. ಬಟ್ಟಿನ ಬೋಲ್ಟನ್ನು ಹಿಂದಕ್ಕೂ ತಿರುಗಿಸಬೇಡಿ. ಈ ಮಾದರಿಯನ್ನು ಬಿಚ್ಚಿದವರಲ್ಲಿ ಅನೇಕರಿಗೆ ಇದೇ ನಷ್ಟವಾಗಿದೆ. ಬಟ್ಟಿನ ಉದ್ದ ಬೋಲ್ಟಿನ ಮುಂತುದಿ ದುಂಡಗಿಲ್ಲ, ಚೌಕಾಕಾರವಾಗಿದೆ. ಅದು ಸಾಕೆಟ್ಟನ್ನು ದಾಟಿ ಹೊರಚಾಚಿ, ಫೋರ್‌ಎಂಡಿನ ಹಿಂತುದಿಯೊಳಗೆ ಹುದುಗಿರುವ ಸಣ್ಣ ಲೋಹದ ತಟ್ಟೆಯ ಕಿಂಡಿಯಲ್ಲಿ ಕೂರುತ್ತದೆ. ಬೋಲ್ಟು ತಾನಾಗಿ ಸಡಿಲವಾಗಬಾರದೆಂದು ಮಾಡಿದ ಏರ್ಪಾಡು ಅದು. ಫೋರ್‌ಎಂಡ್ ಜಾಗದಲ್ಲಿರುವಾಗ ಬೋಲ್ಟನ್ನು ತಿರುಗಿಸಿದರೆ ಆ ಚೌಕ ತುದಿಯೇ ತಟ್ಟೆಯನ್ನು ತಿರುಚಿ, ಎರಡೂ ಕಡೆಯ ಮರವನ್ನು ಒಳಗಿನಿಂದ ಬಿಡಿಸುತ್ತದೆ.

ಆದ್ದರಿಂದ ಈ ಮಾದರಿಯಲ್ಲಿ ಬಿಚ್ಚುವ ಕ್ರಮವೇ ಮುಖ್ಯ: ಮೊದಲು ಫೋರ್‌ಎಂಡ್ ಹೊರಬರಬೇಕು, ಆಮೇಲೆ ಬಟ್ಟು. ಜೋಡಿಸುವಾಗ ಮೊದಲು ಬಟ್ಟನ್ನು ಬಿಗಿದು, ಚೌಕದ ಬದಿಗಳು ನೆಟ್ಟಗೆ ನಿಲ್ಲುವಂತೆ ಮಾಡಿ, ಬಳಿಕ ಫೋರ್‌ಎಂಡನ್ನು ಅದರ ಮೇಲೆ ಇಳಿಸಬೇಕು. ಬಿಗಿಯಾದಾಗ ಚೌಕ ಓರೆಯಾಗಿ ನಿಂತರೆ ಬೋಲ್ಟಿನ ತಲೆಯ ಕೆಳಗೆ ತೆಳುವಾದ ವಾಷರ್ ಹಾಕಿ ಸರಿಪಡಿಸಿರಿ, ಬಲ ಪ್ರಯೋಗಿಸಬೇಡಿ.

ಫೋರ್‌ಎಂಡನ್ನು ನಿಧಾನವಾಗಿ ಹೊರತೆಗೆದು, ಟ್ರಿಗರಿನ ಮುಂದೆ ರಿಸೀವರಿನ ಒತ್ತುಮುಖಗಳಿಗೆ ಆನುವ ಮರದ ಎರಡು ಕೆನ್ನೆಗಳು ಹೇಗಿವೆ ಎಂದು ನೋಡಿ ತಿಳಿಸುವಿರಾ? ಸೀಳಿಗಿಂತ ನನಗೆ ಅವುಗಳ ಚಿಂತೆ ಹೆಚ್ಚು.

ಪ್ರಶ್ನಿಸಿದವರು

ಹೊರತೆಗೆದೆ. ನೀವು ಹೇಳಿದ ತಟ್ಟೆ ಓರೆಯಾಗಿದೆ. ಕೆನ್ನೆಗಳಲ್ಲಿ ಒಂದು ಎಣ್ಣೆ ಕುಡಿದು ಕಪ್ಪಾಗಿದೆ. ಉಗುರಿನಿಂದ ಒತ್ತಿದರೆ ಗುರುತು ಮೂಡುತ್ತದೆ.

ಎರಡನೆಯ ಉತ್ತರ

ಮರಗೆಲಸವೇ ನನ್ನ ಕಸುಬು. ಇಂತಹ ಕೆಲವು ಫೋರ್‌ಎಂಡುಗಳನ್ನು ದುರಸ್ತಿ ಮಾಡಿದ್ದೇನೆ. ನಿಮ್ಮದನ್ನು ಖಂಡಿತ ಉಳಿಸಿಕೊಳ್ಳಬಹುದು.

ಗುಂಡು ಹಾರಿದಾಗಿನ ಹಿಂದೊದೆತವನ್ನು ಹೊರುವುದು ಆ ಎರಡು ಕೆನ್ನೆಗಳೇ. ಅವು ಕುಸಿದರೆ ಇಡೀ ಫೋರ್‌ಎಂಡ್ ಹಿಂದೆ ಸರಿದು ಸಾಕೆಟ್ಟಿಗೆ ತಾಗುತ್ತದೆ, ಆಗ ಹಿಂತುದಿ ಸೀಳುವುದು ಕೇವಲ ಕಾಲದ ಮಾತು. ಆಸ್ಟ್ರೇಲಿಯಾದ ಲಿತ್ಗೋ ಕಾರ್ಖಾನೆ ಮೆದು ಜಾತಿಯ ಕೋಚ್‌ವುಡ್ ಮರವನ್ನು ಬಳಸಿದಾಗ ಇದೇ ಜಾಗಕ್ಕೆ ತಾಮ್ರದ ತಗಡುಗಳನ್ನು ಕೂರಿಸಬೇಕಾಯಿತು ಎಂದರೆ ಆ ಒತ್ತಡ ಎಷ್ಟೆಂದು ನೀವೇ ಊಹಿಸಿಕೊಳ್ಳಬಹುದು.

ಎಣ್ಣೆಯಿರುವ ಮರಕ್ಕೆ ಅಂಟು ಹಿಡಿಯುವುದಿಲ್ಲ, ಹಾಗಾಗಿ ಸೀಳಿನೊಳಗೆ ಅಸಿಟೋನನ್ನು ಸಣ್ಣ ಕುಂಚದಿಂದ ಹರಿಸಿ, ಬಟ್ಟೆಯಲ್ಲಿ ಒರೆಸಿ, ಕಂದು ಬಣ್ಣ ಬರುವುದು ನಿಲ್ಲುವ ತನಕ ಮತ್ತೆ ಮತ್ತೆ ಮಾಡಿ. ಬಾಗಿಲು ಕಿಟಕಿ ತೆರೆದಿರಲಿ, ಹತ್ತಿರದಲ್ಲೆಲ್ಲೂ ಬೆಂಕಿ ಇರಬಾರದು. ಒಂದು ದಿನ ಒಣಗಿದ ಮೇಲೆ ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿಯನ್ನು ಸೀಳನ್ನು ತುಸುವೇ ಅಗಲಿಸಿ ಒಳಗಿಳಿಸಿ, ಕ್ಲ್ಯಾಂಪನ್ನು ಹದವಾಗಿ ಬಿಗಿಯಿರಿ. ಅಂಟು ಪೂರ್ತಿ ಹಿಂಡಿ ಹೊರಬಂದರೆ ಬಿಗಿತ ಹೆಚ್ಚಾಯಿತೆಂದೇ ಅರ್ಥ. ಮೆತ್ತಗಾದ ಕೆನ್ನೆಯನ್ನು ಗಟ್ಟಿ ಮರ ಸಿಗುವವರೆಗೆ ಉಳಿಯಿಂದ ತೆಗೆದು, ಎಳೆಗಳ ಕೊನೆ ಲೋಹಕ್ಕೆ ಎದುರಾಗಿ ನಿಲ್ಲುವಂತೆ ಒಣಗಿದ ಅಕ್ರೋಟಿನ ತುಂಡನ್ನು ಕೂರಿಸಿ. ಲೋಹಕ್ಕೆ ಮೇಣ ಸವರಿರದಿದ್ದರೆ ಮರವೂ ರಿಸೀವರೂ ಶಾಶ್ವತವಾಗಿ ಅಂಟಿಕೊಂಡಾವು.

ಹೊರಮೈಗೆ ಮಾತ್ರ ಉಪ್ಪುಕಾಗದ ತಾಗಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ತಪಾಸಣೆಯ ಮುದ್ರೆಗಳು ಒಮ್ಮೆ ಸವೆದರೆ ಮರಳಿ ಬರುವುದಿಲ್ಲ. ಒದ್ದೆ ಬಟ್ಟೆಯ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆಯನ್ನು ಕ್ಷಣಕಾಲ ಇಟ್ಟರೆ ತಗ್ಗುಗಳು ಎಷ್ಟೋ ಮೇಲೇಳುತ್ತವೆ. ಬಳಿಕ ಸೇನೆಯಲ್ಲಿ ಬಳಸುತ್ತಿದ್ದ ಹಸಿ ಅಗಸೆ ಎಣ್ಣೆಯನ್ನೇ ಅಂಗೈಯಿಂದ ತಿಕ್ಕಿ. ಒಂದೊಂದು ಲೇಪಕ್ಕೂ ಹಲವು ದಿನ ಬಿಡಬೇಕಾಗುತ್ತದೆ. ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ಅದು ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು. ಬಯಲಲ್ಲಿ ಹರಡಿ ಒಣಗಿಸಿ.

ಮೊದಲ ಉತ್ತರ ಕೊಟ್ಟವರು

ಸಂಖ್ಯೆಯ ವಿಷಯವನ್ನು ನಾನು ಹೇಳಲೇಬೇಕು. ಈ ರೈಫಲುಗಳಲ್ಲಿ ನಳಿಕೆ ಮುಚ್ಚುವ ಬೋಲ್ಟನ್ನು ಆಯಾ ರಿಸೀವರಿಗೇ ಹೊಂದಿಸಿ ಕೂರಿಸಿ, ಬಳಿಕ ಎರಡಕ್ಕೂ ಒಂದೇ ಸಂಖ್ಯೆ ಒತ್ತುತ್ತಿದ್ದರು. ಬೇರೆ ರೈಫಲಿನ ಬೋಲ್ಟು ಸರಾಗವಾಗಿ ಜಾರಿ ಮುಚ್ಚಿಕೊಂಡಿತೆಂಬ ಕಾರಣಕ್ಕೆ ಅದು ಸುರಕ್ಷಿತವೆಂದು ತಿಳಿಯಬಾರದು. ಬಿಡಿಭಾಗಗಳ ಮೇಲೆ "ಡಿಪಿ" ಎಂಬ ಮುದ್ರೆ ಇದೆಯೇ ಎಂದೂ ನೋಡಿ. ಅದು ಕವಾಯತಿಗಷ್ಟೇ ಮೀಸಲು, ಗುಂಡು ಹಾರಿಸಲು ಯೋಗ್ಯವಲ್ಲ ಎಂಬುದರ ಗುರುತು. ನೀವು ಹಾರಿಸುವುದಿಲ್ಲ ಎಂಬುದು ಸರಿ, ಆದರೆ ರೈಫಲು ನಿಮ್ಮ ನಂತರವೂ ಇರುತ್ತದೆ. ಅರ್ಹ ಬಂದೂಕು ಕುಶಲಕರ್ಮಿಗೆ ತೋರಿಸಿ, ಅವರು ಹೇಳಿದ್ದನ್ನು ಬರೆದು ಪರವಾನಗಿ ಕಾಗದದ ಜೊತೆಗಿಡಿ. ನಳಿಕೆ, ಬೋಲ್ಟುಗಳ ಕೆಲಸವನ್ನು ಮನೆಯಲ್ಲಿ ಮಾಡಲೇಬೇಡಿ.

ಪ್ರಶ್ನಿಸಿದವರು

ಐದು ವಾರಗಳ ನಂತರ ಬರೆಯುತ್ತಿದ್ದೇನೆ. ಸೀಳು ಮುಚ್ಚಿದೆ, ಬೆಳಕಿಗೆ ಹಿಡಿದರೆ ಕೂದಲೆಳೆಯಷ್ಟು ಗೆರೆ ಕಾಣುತ್ತದೆ. ಹೊಸ ಕೆನ್ನೆ ಲೋಹಕ್ಕೆ ಸರಿಯಾಗಿ ಆನುತ್ತಿದೆಯೇ ಎಂದು ತಿಳಿಯಲು ರಿಸೀವರಿಗೆ ದೀಪದ ಮಸಿ ಹಚ್ಚಿ, ಮಸಿ ಅಂಟಿದ ಕಡೆ ಮಾತ್ರ ಕೆತ್ತುತ್ತಾ ಹದಿನೇಳು ಬಾರಿ ಕೂರಿಸಿ ತೆಗೆದೆ. ಈಗ ಎರಡೂ ಕೆನ್ನೆಗಳಲ್ಲಿ ಮಸಿ ಸಮನಾಗಿ ಮೂಡುತ್ತದೆ, ಹಿಂತುದಿ ಸಾಕೆಟ್ಟಿಗೆ ತಾಗುವುದಿಲ್ಲ. ಬೋಲ್ಟಿನ ಮೇಲೆ ಡಿಪಿ ಮುದ್ರೆ ತುಕ್ಕಿನಡಿ ನಿಜವಾಗಿಯೂ ಇತ್ತು. ಕುಶಲಕರ್ಮಿಯವರು "ಹಾರಿಸತಕ್ಕದ್ದಲ್ಲ" ಎಂದು ಬರೆದುಕೊಟ್ಟ ಚೀಟಿಯನ್ನು ಪರವಾನಗಿಯ ಜೊತೆ ಲಕೋಟೆಯಲ್ಲಿಟ್ಟು, ಬಟ್ಟಿನ ಬೋಲ್ಟನ್ನು ಯಾವ ಕ್ರಮದಲ್ಲಿ ಬಿಚ್ಚಬೇಕೆಂಬುದನ್ನೂ ಅದರ ಹಿಂಬದಿಯಲ್ಲಿ ನನ್ನ ಕೈಬರಹದಲ್ಲಿ ಬರೆದಿದ್ದೇನೆ.